ಲಿನಕ್ಸ್‌ನಲ್ಲಿ ಅಪ್‌ಡೇಟ್ ಬಲವಂತ ಇಲ್ಲವೇ? ಫಾರ್ವರ್ಡ್ ಹೇಳದ ಉಳಿದರ್ಧ

"ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿಸಿ. ದುಡ್ಡು ಕೊಡಬೇಕಾಗಿಲ್ಲ, ವೈರಸ್ ಕಾಟ ಇಲ್ಲ, ಬಲವಂತದ ಅಪ್‌ಡೇಟ್ ಅಂತೂ ಇಲ್ಲವೇ ಇಲ್ಲ!"

ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಯೋಗ್ಯತೆ ಇಲ್ಲದ ಕಂಪ್ಯೂಟರ್‌ಗಳನ್ನು ಏನು ಮಾಡುವುದು ಎಂದು ಯೋಚಿಸುತ್ತಿರುವವರಿಗೆ ಈ ಸಲಹೆ ಆಕರ್ಷಕವಾಗಿ ಕಾಣುವುದು ಸಹಜ. ಸಲಹೆ ಕೆಟ್ಟದ್ದೇನೂ ಅಲ್ಲ. ಆದರೆ ಕೊನೆಯ ಮಾತನ್ನು ಸ್ವಲ್ಪ ನಿಂತು ನೋಡಬೇಕು.

ಇದರ ಬೆನ್ನಿಗೇ ಇನ್ನೊಂದು ಬಗೆಯ ಸಂದೇಶವೂ ಓಡಾಡುತ್ತದೆ. ಅಪ್‌ಡೇಟ್ ಎನ್ನುವುದೆಲ್ಲ ಕಂಪನಿಗಳ ಆಟ, ಅದು ಕಂಪ್ಯೂಟರನ್ನು ನಿಧಾನ ಮಾಡುವ ಉಪಾಯ, ಈ ಎರಡು ಸಾಲು ಟೈಪ್ ಮಾಡಿ ಶಾಶ್ವತವಾಗಿ ನಿಲ್ಲಿಸಿಬಿಡಿ ಎಂದು ಅದು ಹೇಳುತ್ತದೆ.

ಮೊದಲನೆಯದು ಅರ್ಧ ಸತ್ಯ. ಎರಡನೆಯದು ಅಪಾಯಕಾರಿ. ಏಕೆಂದು ನೋಡೋಣ.

ಮೊದಲಿಗೆ, ಲಿನಕ್ಸ್ ಎಂದರೆ ಯಾವ ಲಿನಕ್ಸ್?

ವಿಂಡೋಸ್ ಒಂದೇ ಕಂಪನಿಯ ಉತ್ಪನ್ನ. ಲಿನಕ್ಸ್ ಹಾಗಲ್ಲ. ಅದರ ಒಳತಿರುಳಾದ ಕರ್ನೆಲ್ ಎಲ್ಲರಿಗೂ ಒಂದೇ. ಅದರ ಮೇಲೆ ಬೇರೆಬೇರೆ ಸಂಸ್ಥೆಗಳು, ಸ್ವಯಂಸೇವಕರ ತಂಡಗಳು ತಮ್ಮ ತಮ್ಮ ಇಷ್ಟದಂತೆ ತಂತ್ರಾಂಶಗಳನ್ನು ಜೋಡಿಸಿ ಹಂಚುತ್ತಾರೆ. ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ, ಡೆಬಿಯನ್, ಆರ್ಚ್ ಎಲ್ಲವೂ ಇಂಥ ಹಂಚಿಕೆಗಳು. ಬಳಕೆದಾರರ ಬಾಯಲ್ಲಿ ಇವು 'ಡಿಸ್ಟ್ರೊ'ಗಳು. ಅಪ್‌ಡೇಟ್ ಯಾವಾಗ ಬರಬೇಕು, ಕೇಳಿ ಬರಬೇಕೋ ಕೇಳದೆ ಬರಬೇಕೋ ಎನ್ನುವುದನ್ನು ತೀರ್ಮಾನಿಸುವವರು ಈ ಡಿಸ್ಟ್ರೊ ತಯಾರಿಸುವವರು.

ಹಾಗಾಗಿ "ಲಿನಕ್ಸ್‌ನಲ್ಲಿ ಅಪ್‌ಡೇಟ್ ಹೀಗೆ" ಎಂದು ಒಂದೇ ವಾಕ್ಯದಲ್ಲಿ ಹೇಳಿದವರು ಯಾರೇ ಇರಲಿ, ಅವರು ತಾವು ಬಳಸುವ ಡಿಸ್ಟ್ರೊ ಬಗ್ಗೆ ಹೇಳುತ್ತಿದ್ದಾರೆ ಎಂದೇ ತಿಳಿಯಬೇಕು. ಆರ್ಚ್ ಬಳಸುವವರಿಗೆ ತಾವಾಗಿ ಆಜ್ಞೆ ಕೊಡುವವರೆಗೆ ಏನೂ ಬದಲಾಗುವುದಿಲ್ಲ. ಫೆಡೋರಾದಲ್ಲಿ ಅಪ್‌ಡೇಟ್ ಇಳಿದು ಕಾಯುತ್ತಿರುತ್ತದೆ; ಕಂಪ್ಯೂಟರ್ ಆಫ್ ಮಾಡುವಾಗ "ಬಾಕಿ ಇರುವ ಅಪ್‌ಡೇಟ್ ಹಾಕಲೇ?" ಎಂಬ ಚೌಕವೊಂದು ಕಾಣುತ್ತದೆ, ಬೇಡವೆಂದರೆ ಗುರುತು ತೆಗೆಯಬಹುದು. ಹೊಸಬರು ಹೆಚ್ಚಾಗಿ ಮೊದಲು ಹಾಕಿಸಿಕೊಳ್ಳುವ ಉಬುಂಟುವಿನಲ್ಲಿ ಕಥೆಯೇ ಬೇರೆ.

ಉಬುಂಟುವಿಗೆ ಎರಡು ಬಾಗಿಲು

ಉಬುಂಟುವಿಗೆ ಅಪ್‌ಡೇಟ್ ಎರಡು ದಾರಿಯಿಂದ ಬರುತ್ತದೆ. ಇದು ಗೊತ್ತಿಲ್ಲದೆ ಒಂದನ್ನು ನಿಲ್ಲಿಸಿ, "ನಿಲ್ಲಿಸಿದರೂ ಬರುತ್ತಿದೆಯಲ್ಲ" ಎಂದು ತಲೆ ಕೆಡಿಸಿಕೊಳ್ಳುವವರು ಬಹಳ.

ಮೊದಲನೆಯದು ಹಳೆಯ ದಾರಿ. ಡೆಬಿಯನ್‌ನಿಂದ ಬಂದ 'ಡೆಬ್' ಪ್ಯಾಕೇಜುಗಳು, ಅವನ್ನು ನೋಡಿಕೊಳ್ಳುವ 'ಆ್ಯಪ್ಟ್' ಎಂಬ ವ್ಯವಸ್ಥೆ. ಇದರ ಜೊತೆಗೆ 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಎಂಬ ಪುಟ್ಟ ಕೆಲಸಗಾರನಿದ್ದಾನೆ. ಹೆಸರೇ ಹೇಳುವಂತೆ, ಯಾರೂ ಮುಂದೆ ಕೂತಿರದಿದ್ದರೂ ಅಪ್‌ಡೇಟ್ ಹಾಕುವುದು ಅವನ ಕೆಲಸ. 2016ರಲ್ಲಿ ಬಂದ ಉಬುಂಟು 16.04ರಿಂದ ಈಚೆಗೆ, ಭದ್ರತೆಗೆ ಸಂಬಂಧಿಸಿದ ಅಪ್‌ಡೇಟ್‌ಗಳು ಮೊದಲಿಂದಲೇ ಹೀಗೆ ತಾವಾಗಿ ಇನ್‌ಸ್ಟಾಲ್ ಆಗುತ್ತವೆ. ನಿಮ್ಮನ್ನು ಕೇಳುವುದಿಲ್ಲ. ಆದರೆ ಕೆಲಸದ ಮಧ್ಯೆ ಕಂಪ್ಯೂಟರನ್ನು ತಾನಾಗಿ ರೀಸ್ಟಾರ್ಟ್ ಮಾಡುವುದೂ ಇಲ್ಲ. ಆ ಸೌಲಭ್ಯ ಇದೆಯಾದರೂ ನೀವಾಗಿ ಆನ್ ಮಾಡದ ಹೊರತು ಆಫ್ ಆಗಿಯೇ ಇರುತ್ತದೆ. ವಿಂಡೋಸ್ ಬಿಟ್ಟು ಬಂದವರಿಗೆ ಇದೊಂದೇ ದೊಡ್ಡ ನೆಮ್ಮದಿ.

ಈ ಕೆಲಸಗಾರನಿಂದ ಆಗುವ ಒಂದು ಕಿರಿಕಿರಿಯನ್ನು ಇಲ್ಲೇ ಹೇಳಿಬಿಡಬೇಕು. ನೀವು ಏನಾದರೂ ಹೊಸ ತಂತ್ರಾಂಶ ಹಾಕಲು ಹೋದಾಗ "ಲಾಕ್ ಸಿಗುತ್ತಿಲ್ಲ" ಎಂಬ ಅರ್ಥದ ದೋಷ ಸಂದೇಶ ಬರಬಹುದು. ಹಿನ್ನೆಲೆಯಲ್ಲಿ ಆತ ಕೆಲಸ ಮಾಡುತ್ತಿದ್ದಾನೆ, ಇಬ್ಬರು ಒಟ್ಟಿಗೆ ಅದೇ ಕೋಣೆಗೆ ನುಗ್ಗಬಾರದೆಂದು ಚಿಲಕ ಹಾಕಿಕೊಂಡಿದ್ದಾನೆ ಎಂದಷ್ಟೇ ಅದರ ಅರ್ಥ. ಐದು ಹತ್ತು ನಿಮಿಷ ಕಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆ ಲಾಕ್ ಫೈಲನ್ನೇ ಅಳಿಸಿ ಹಾಕಿ ಎನ್ನುವ 'ಟ್ರಿಕ್' ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಅರ್ಧ ಇನ್‌ಸ್ಟಾಲ್ ಆದ ಪ್ಯಾಕೇಜುಗಳನ್ನು ರಿಪೇರಿ ಮಾಡುವ ಕೆಲಸ ಹತ್ತು ನಿಮಿಷ ಕಾಯುವುದಕ್ಕಿಂತ ಬಹಳ ಕಷ್ಟದ್ದು.

ಎರಡನೆಯ ಬಾಗಿಲು 'ಸ್ನ್ಯಾಪ್'. ಜಗಳವೆಲ್ಲ ಇರುವುದು ಇಲ್ಲಿ.

ಬುತ್ತಿ ಊಟ, ಪಂಕ್ತಿ ಊಟ

ಹಳೆಯ ಪದ್ಧತಿಯಲ್ಲಿ ತಂತ್ರಾಂಶಗಳೆಲ್ಲ ಒಂದೇ ಅಡುಗೆಮನೆಯಿಂದ ಊಟ ಮಾಡುತ್ತವೆ. ಚಿತ್ರ ತೋರಿಸುವುದಕ್ಕೆ, ಗೂಢಲಿಪೀಕರಣಕ್ಕೆ, ಅಕ್ಷರ ಮೂಡಿಸುವುದಕ್ಕೆ ಬೇಕಾದ 'ಲೈಬ್ರರಿ'ಗಳು ಎಲ್ಲರಿಗೂ ಸೇರಿ ಒಂದೊಂದೇ ಪ್ರತಿ. ಜಾಗ ಉಳಿಯುತ್ತದೆ, ದೋಷವೊಂದು ಕಂಡರೆ ಒಂದೇ ಕಡೆ ಸರಿಪಡಿಸಿದರೆ ಸಾಕು. ಆದರೆ ಸಾರಿಗೆ ಉಪ್ಪು ಹೆಚ್ಚಾದರೆ ಇಡೀ ಪಂಕ್ತಿಗೇ ತೊಂದರೆ.

ಸ್ನ್ಯಾಪ್ ಎನ್ನುವುದು ಬುತ್ತಿ. ಪ್ರತಿಯೊಂದು ಆ್ಯಪ್ ತನಗೆ ಬೇಕಾದುದನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ಬೇರೆಯವರ ಅಡುಗೆ ಕೆಟ್ಟರೂ ಇದಕ್ಕೆ ಚಿಂತೆಯಿಲ್ಲ. ಉಬುಂಟು ತಯಾರಿಸುವ ಕೆನಾನಿಕಲ್ ಸಂಸ್ಥೆ ಈ ವ್ಯವಸ್ಥೆಯನ್ನು ಬೆಳೆಸಿತು. 2019ರ ಅಕ್ಟೋಬರ್‌ನ ಉಬುಂಟು 19.10ರಲ್ಲಿ ಕ್ರೋಮಿಯಂ ಬ್ರೌಸರ್ ಸ್ನ್ಯಾಪ್ ಆಯಿತು. 2022ರ ಉಬುಂಟು 22.04ರ ಹೊತ್ತಿಗೆ ಫೈರ್‌ಫಾಕ್ಸ್ ಕೂಡ ಅದೇ ದಾರಿಗೆ ಬಂತು. ಅಂದರೆ ಉಬುಂಟು ಹಾಕಿಕೊಂಡವರ ಮುಂದೆ ದಿನವೂ ತೆರೆದಿರುವ ಬ್ರೌಸರ್ ಈಗ ಒಂದು ಬುತ್ತಿ.

ಈ ಬುತ್ತಿಗಳನ್ನು ನೋಡಿಕೊಳ್ಳುವ 'ಸ್ನ್ಯಾಪ್‌ಡಿ' ಎಂಬ ತಂತ್ರಾಂಶ ದಿನಕ್ಕೆ ನಾಲ್ಕು ಬಾರಿ ಹೊಸದೇನಾದರೂ ಬಂದಿದೆಯೇ ಎಂದು ನೋಡುತ್ತದೆ. ಬಂದಿದ್ದರೆ ಇಳಿಸಿಕೊಂಡು ಹಾಕುತ್ತದೆ. ಮೊದಲಿಗೆ ಇದನ್ನು ಪೂರ್ತಿಯಾಗಿ ನಿಲ್ಲಿಸುವ ಗುಂಡಿಯೇ ಇರಲಿಲ್ಲ. ಮುಂದೂಡಬಹುದಿತ್ತು, ದಿನದ ಯಾವ ಹೊತ್ತಿಗೆ ಆಗಬೇಕೆಂದು ಹೇಳಬಹುದಿತ್ತು, ಆದರೆ "ಬೇಡ" ಎನ್ನಲು ಆಗುತ್ತಿರಲಿಲ್ಲ. ಮುಂದೂಡಿಕೆಗೂ ಒಂದು ಗಡುವು ಇತ್ತು. ಲಿನಕ್ಸ್‌ಗೆ ಬಂದದ್ದೇ ತಮ್ಮ ಯಂತ್ರದ ಮೇಲೆ ತಮ್ಮ ಹಿಡಿತ ಇರಲೆಂದು ಎನ್ನುವ ಜನಕ್ಕೆ ಇದು ಎಷ್ಟು ಚುಚ್ಚಿರಬೇಕು, ಊಹಿಸಿ. ವರ್ಷಗಟ್ಟಲೆ ಬೇಡಿಕೆ, ಬೈಗುಳ ಎರಡೂ ಆದ ಮೇಲೆ, 2022ರ ಕೊನೆಯಲ್ಲಿ ಬಂದ ಸ್ನ್ಯಾಪ್‌ಡಿ 2.58ನೇ ಆವೃತ್ತಿಯಲ್ಲಿ 'ಹೋಲ್ಡ್' ಎಂಬ ಆಯ್ಕೆ ಸೇರಿತು. ಈಗ ಯಾವುದೇ ಒಂದು ಸ್ನ್ಯಾಪನ್ನು, ಅಥವಾ ಎಲ್ಲವನ್ನೂ, ಬೇಕಾದಷ್ಟು ಕಾಲ ಇದ್ದ ಹಾಗೇ ನಿಲ್ಲಿಸಿ ಇಡಬಹುದು. ಆದರೆ ಅದು ಸೆಟಿಂಗ್ಸ್‌ನಲ್ಲಿ ಎದ್ದು ಕಾಣುವ ಸ್ವಿಚ್ ಅಲ್ಲ. ಟರ್ಮಿನಲ್‌ನಲ್ಲಿ ಟೈಪ್ ಮಾಡಬೇಕಾದ ಆಜ್ಞೆ.

ಮೊದಲ ಫಾರ್ವರ್ಡ್ ಅರ್ಧ ಸತ್ಯ ಎಂದದ್ದು ಇದಕ್ಕೇ. ಲಿನಕ್ಸ್‌ನಲ್ಲಿ ಅಪ್‌ಡೇಟನ್ನು ನಿಲ್ಲಿಸುವ ಅಧಿಕಾರ ಕೊನೆಗೂ ನಿಮ್ಮದೇ. ಬೇಡವೆನಿಸಿದರೆ ಸ್ನ್ಯಾಪ್‌ಡಿಯನ್ನೇ ಕಿತ್ತು ಹಾಕಬಹುದು, ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ. ಆದರೆ ಆ ಅಧಿಕಾರ ಇದೆ ಎನ್ನುವುದು ಒಂದು, ಅದು ಎಲ್ಲಿದೆ ಎಂದು ಮನೆಯಲ್ಲಿರುವ ಸಾಮಾನ್ಯ ಬಳಕೆದಾರರಿಗೆ ಗೊತ್ತಾಗುವುದು ಇನ್ನೊಂದು. ಟರ್ಮಿನಲ್ ಎಂದರೇನೆಂದು ತಿಳಿಯದ ಅಮ್ಮನ ಲ್ಯಾಪ್‌ಟಾಪಿನಲ್ಲಿ ಆ ಅಧಿಕಾರ ಇದ್ದೂ ಇಲ್ಲದಂತೆ.

"13 ದಿನ ಉಳಿದಿದೆ"

ಸಂವಹನ ಓದಿದವಳಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ಸಂದೇಶದ ಮಾತಿನ ಕಡೆಗೆ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ತೆರೆದಿರುವಾಗ ಹೊಸ ಆವೃತ್ತಿ ಬಂದರೆ ಮೇಲುಗಡೆ ಒಂದು ಸೂಚನೆ ಮೂಡುತ್ತದೆ. ಫೈರ್‌ಫಾಕ್ಸ್ ಸ್ನ್ಯಾಪ್‌ಗೆ ಅಪ್‌ಡೇಟ್ ಬಾಕಿ ಇದೆ, ಅಡಚಣೆ ತಪ್ಪಿಸಲು ಆ್ಯಪ್ ಮುಚ್ಚಿ, 13 ದಿನ ಉಳಿದಿದೆ ಎಂಬುದು ಅದರ ಸಾರಾಂಶ.

ಓದಿದವರಿಗೆ ಏನನಿಸಬೇಕು? 13 ದಿನಗಳ ನಂತರ ಏನಾಗುತ್ತದೆ? ಯಾವ ಅಡಚಣೆ? ನನ್ನ ಟ್ಯಾಬ್‌ಗಳು ಹೋಗುತ್ತವೆಯೇ? ಸೈಬರ್ ವಂಚನೆಯ ಸುದ್ದಿಗಳನ್ನು ದಿನವೂ ಓದುವ ಕಾಲದಲ್ಲಿ "ಇಷ್ಟು ದಿನದೊಳಗೆ ಮಾಡದಿದ್ದರೆ" ಎಂಬ ಧಾಟಿ ಕಂಡರೆ ಇದೂ ಒಂದು ಮೋಸದ ಸಂದೇಶವೇ ಎಂದು ಅನುಮಾನ ಬರುವುದು ತಪ್ಪಲ್ಲ.

ಇದು ಮೋಸವಲ್ಲ. ತೆರೆದಿರುವ ಆ್ಯಪನ್ನು ಸ್ನ್ಯಾಪ್‌ಡಿ ಕೂಡಲೇ ಬದಲಿಸುವುದಿಲ್ಲ, 14 ದಿನ ಕಾಯುತ್ತದೆ. ಅಷ್ಟರೊಳಗೆ ನೀವು ಒಮ್ಮೆ ಬ್ರೌಸರ್ ಮುಚ್ಚಿದರೆ ಬದಲಿಸುವ ಕೆಲಸ ಮುಗಿಯುತ್ತದೆ. 14 ದಿನವೂ ಮುಚ್ಚದೇ ಇಟ್ಟಿದ್ದರೆ ಆಮೇಲೆ ಅದು ತೆರೆದಿದ್ದರೂ ಕಾಯುವುದಿಲ್ಲ. ಒಮ್ಮೆ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು ತೆರೆಯಿರಿ. ಅಷ್ಟೇ ಮಾಡಬೇಕಾದದ್ದು. ಇದನ್ನು ಇಷ್ಟೇ ಸರಳವಾಗಿ ಆ ಸೂಚನೆಯಲ್ಲೇ ಬರೆದಿದ್ದರೆ ಅರ್ಧ ಸಿಟ್ಟು ಹುಟ್ಟುತ್ತಲೇ ಇರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಬಲವಂತ ಅನಿಸುವುದಕ್ಕೆ ಅಪ್‌ಡೇಟ್ ಎಷ್ಟು ಕಾರಣವೋ, ವಿವರಿಸದೆ ಆಜ್ಞೆ ಕೊಡುವ ಮಾತೂ ಅಷ್ಟೇ ಕಾರಣ.

ಆ್ಯಪ್ ಮುಚ್ಚಲೇಬೇಕೆಂದು ಏಕೆ ಹಟ ಎಂದರೆ ಅದಕ್ಕೊಂದು ತಾಂತ್ರಿಕ ಕಾರಣವಿದೆ. ಇಂದಿನ ಬ್ರೌಸರ್ ಒಂದೇ ಪ್ರೋಗ್ರಾಂ ಅಲ್ಲ. ಒಂದು ಮುಖ್ಯ ಪ್ರಕ್ರಿಯೆ, ಅದರ ಕೆಳಗೆ ಟ್ಯಾಬ್‌ಗಳನ್ನು ನೋಡಿಕೊಳ್ಳುವ ಹಲವು ಮರಿ ಪ್ರಕ್ರಿಯೆಗಳು. ನಡುವೆ ಫೈಲುಗಳು ಬದಲಾದರೆ ಹಳೆಯ ಮುಖ್ಯಸ್ಥನ ಕೈಕೆಳಗೆ ಹೊಸ ಆವೃತ್ತಿಯ ಮರಿಗಳು ಹುಟ್ಟುತ್ತವೆ. ಇಬ್ಬರ ಭಾಷೆ ಹೊಂದುವುದಿಲ್ಲ. ಸ್ನ್ಯಾಪ್ ಅಲ್ಲದ, ಡೆಬ್ ಫೈರ್‌ಫಾಕ್ಸ್ ಬಳಸುವವರಿಗೂ ಇದು ಗೊತ್ತು. ಹಿನ್ನೆಲೆಯಲ್ಲಿ ಅಪ್‌ಡೇಟ್ ಆದ ಮೇಲೆ ಹೊಸ ಟ್ಯಾಬ್ ತೆರೆದರೆ ಪುಟದ ಬದಲು "ಮುಂದುವರಿಯಲು ರೀಸ್ಟಾರ್ಟ್ ಮಾಡಿ" ಎಂಬ ಸಂದೇಶ ಬರುತ್ತದೆ. ಆನ್‌ಲೈನ್ ಅರ್ಜಿಯೊಂದನ್ನು ಮುಕ್ಕಾಲು ತುಂಬಿದ ಹೊತ್ತಿಗೆ ಹೀಗಾದರೆ ಯಾರಿಗಾದರೂ ಮೈ ಉರಿಯುತ್ತದೆ.

ಹಾಗಾದರೆ ನಿಲ್ಲಿಸಿಬಿಡೋಣವೇ?

ಇಲ್ಲಿಗೆ ಬರುವ ಹೊತ್ತಿಗೆ ಎರಡನೆಯ ಫಾರ್ವರ್ಡ್ ಸರಿಯಾಗಿಯೇ ಹೇಳುತ್ತಿದೆ ಅನಿಸಬಹುದು. ಲಿನಕ್ಸ್ ಮಿಂಟ್‌ನ ಅನುಭವ ಕೇಳಿ.

ಮಿಂಟ್, ಉಬುಂಟುವನ್ನೇ ಆಧಾರವಾಗಿಟ್ಟುಕೊಂಡ ಡಿಸ್ಟ್ರೊ. ಆದರೆ ಅಪ್‌ಡೇಟ್ ವಿಚಾರದಲ್ಲಿ ಅದರ ನಿಲುವು ತದ್ವಿರುದ್ಧ. ಆ್ಯಪ್ಟ್ ಮೂಲಕ ಕ್ರೋಮಿಯಂ ಕೇಳಿದರೆ ಬಳಕೆದಾರರಿಗೆ ಹೇಳದೆಯೇ ಸ್ನ್ಯಾಪ್ ತಂದು ಕೂರಿಸುವುದನ್ನು ಅದರ ಮುಖ್ಯಸ್ಥ ಕ್ಲೆಮೆಂಟ್ ಲೆಫೆಬ್ವ್ರ್ ಬಹಿರಂಗವಾಗಿ ಟೀಕಿಸಿದರು. 2020ರ ಜೂನ್‌ನಲ್ಲಿ ಬಂದ ಮಿಂಟ್ 20ರಲ್ಲಿ ಸ್ನ್ಯಾಪ್‌ಡಿ ತಾನಾಗಿ ಒಳಬರದಂತೆ ತಡೆ ಹಾಕಲಾಯಿತು. ಬೇಕಾದವರು ಆ ತಡೆಯನ್ನು ತೆಗೆದುಕೊಳ್ಳಬಹುದು. ಅಪ್‌ಡೇಟ್ ಬಂದರೆ ಮೂಲೆಯಲ್ಲಿ ಗುರಾಣಿಯ ಚಿತ್ರವೊಂದು ಬಣ್ಣ ಬದಲಿಸುತ್ತದೆ. ಹಾಕುವುದು, ಬಿಡುವುದು ನಿಮ್ಮಿಷ್ಟ. ತಾನಾಗಿ ಆಗಬೇಕೆಂದರೆ ಅದಕ್ಕೂ ಸ್ವಿಚ್ ಇದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು.

ಹೀಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟ ತಂಡವೇ 2021ರ ಫೆಬ್ರವರಿಯಲ್ಲಿ ತನ್ನ ಬಳಕೆದಾರರಿಗೆ "ದಯವಿಟ್ಟು ನಿಮ್ಮ ಕಂಪ್ಯೂಟರ್ ಅಪ್‌ಡೇಟ್ ಮಾಡಿ" ಎಂದು ಮೊರೆಯಿಡಬೇಕಾಯಿತು. ಬಹಳಷ್ಟು ಜನ ವಾರವಾದರೂ ಬ್ರೌಸರ್ ಅಪ್‌ಡೇಟ್ ಮಾಡುತ್ತಿರಲಿಲ್ಲ. 2019ರ ಏಪ್ರಿಲ್‌ನಲ್ಲೇ ಬೆಂಬಲ ನಿಂತುಹೋಗಿದ್ದ 17ನೇ ಸರಣಿಯನ್ನು ಇನ್ನೂ ಬಳಸುತ್ತಿದ್ದವರೂ ಇದ್ದರು. ಬೆಂಬಲ ನಿಂತಿದೆ ಎಂದರೆ ಅದರಲ್ಲಿ ಯಾವ ರಂಧ್ರ ಕಂಡರೂ ಮುಚ್ಚುವವರು ಯಾರೂ ಇಲ್ಲ ಎಂದರ್ಥ. ಅದೇ ವರ್ಷ ಬಂದ ಮಿಂಟ್ 20.2ರಲ್ಲಿ, ಬಹಳ ದಿನ ಅಪ್‌ಡೇಟ್ ಹಾಕದಿದ್ದವರಿಗೆ ನೆನಪಿಸುವ ಸೂಚನೆ ಸೇರಿತು. ಬಲವಂತ ಮಾಡಲಿಲ್ಲ, ಆದರೆ ಸುಮ್ಮನೆ ಇರಲೂ ಆಗಲಿಲ್ಲ.

ಎಲ್ಲವನ್ನೂ ಬಳಕೆದಾರರಿಗೇ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಪ್ರಾಮಾಣಿಕವಾದ ಉದಾಹರಣೆ ಗೊತ್ತಿಲ್ಲ. ಹೇಳಿದ್ದು ಅಪ್‌ಡೇಟ್ ಮಾರಿ ಲಾಭ ಮಾಡುವ ಕಂಪನಿಯಲ್ಲ, ಬಳಕೆದಾರರ ಹಿಡಿತಕ್ಕಾಗಿ ಜಗಳವಾಡಿದ ತಂಡವೇ.

"ಆದರೆ ಲಿನಕ್ಸ್‌ಗೆ ವೈರಸ್ ಬರುವುದಿಲ್ಲವಲ್ಲ" ಎನ್ನುವಿರಾ? 2022ರ ಜನವರಿಯಲ್ಲಿ ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆ 'ಪ್ವನ್‌ಕಿಟ್' ಎಂದು ಹೆಸರಿಟ್ಟ ದೋಷವೊಂದನ್ನು ಬಯಲು ಮಾಡಿತು. ಬಹುತೇಕ ಎಲ್ಲ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲೂ ಇರುವ 'ಪೋಲ್‌ಕಿಟ್' ಎಂಬ ಭಾಗದಲ್ಲಿ ಅದು 2009ರಿಂದ ಅಡಗಿ ಕೂತಿತ್ತು. ಕಂಪ್ಯೂಟರಿನೊಳಗೆ ಸಾಮಾನ್ಯ ಬಳಕೆದಾರನಾಗಿ ಕಾಲಿಟ್ಟ ಯಾರೇ ಆದರೂ ಅದನ್ನು ಬಳಸಿ ಇಡೀ ಯಂತ್ರದ ಯಜಮಾನ ಆಗಬಹುದಿತ್ತು. ಹನ್ನೆರಡು ವರ್ಷಕ್ಕೂ ಮೀರಿ ಯಾರಿಗೂ ಕಾಣದ ಬಿರುಕು ಅದು. ಆದರೆ ಬಯಲಾದ ದಿನದಿಂದ ಅದನ್ನು ಹೇಗೆ ಬಳಸಬೇಕೆಂದು ಎಲ್ಲರಿಗೂ ಗೊತ್ತು. ಅದಕ್ಕೇ ತೇಪೆ ಬಂದ ಮೇಲಿನ ದಿನಗಳು ತೇಪೆ ಹಾಕದವರಿಗೆ ಹೆಚ್ಚು ಅಪಾಯದ ದಿನಗಳು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳನ್ನು ಒತ್ತೆಯಿಟ್ಟುಕೊಂಡ ವಾನಾಕ್ರೈ ಹರಡಿದ್ದೂ ಹೀಗೆಯೇ. ಅದು ಬಳಸಿದ ರಂಧ್ರಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ತೇಪೆ ಕೊಟ್ಟಿತ್ತು.

ಅಪ್‌ಡೇಟೇ ಕೈಕೊಟ್ಟಾಗ

ಅನುಮಾನ ಪಡುವವರ ಕಡೆಯೂ ನ್ಯಾಯವಿದೆ. 2018ರ ಜನವರಿಯಲ್ಲಿ 'ಮೆಲ್ಟ್‌ಡೌನ್' ಎಂಬ ಪ್ರೊಸೆಸರ್ ದೋಷ ಸುದ್ದಿಯಾದಾಗ ಎಲ್ಲರೂ ತರಾತುರಿಯಲ್ಲಿ ತೇಪೆ ಹಾಕಿದರು. ಉಬುಂಟು 16.04ಕ್ಕೆ ಕೊಟ್ಟ ಹೊಸ ಕರ್ನೆಲ್ ಹಾಕಿಕೊಂಡ ಕೆಲವರ ಕಂಪ್ಯೂಟರ್‌ಗಳು ಬೂಟ್ ಆಗಲೇ ಇಲ್ಲ. ಸರಿಪಡಿಸಿದ ಇನ್ನೊಂದು ಕರ್ನೆಲನ್ನು ಬೆನ್ನಿಗೇ ಬಿಡುಗಡೆ ಮಾಡಬೇಕಾಯಿತು.

ಆ ಹೊತ್ತಿಗೆ ಜನರನ್ನು ಕಾಪಾಡಿದ್ದು ಲಿನಕ್ಸ್‌ನ ಒಂದು ಹಳೆಯ ಒಳ್ಳೆಯ ಅಭ್ಯಾಸ. ಹೊಸ ಕರ್ನೆಲ್ ಬಂದಾಗ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಬರುವ ಮೆನುವಿನಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ ಹೋದರೆ ಹಳೆಯ ಕರ್ನೆಲ್ ಇನ್ನೂ ಇರುತ್ತದೆ. ಅದನ್ನು ಆರಿಸಿದರೆ ನಿನ್ನೆಯವರೆಗೆ ಹೇಗಿತ್ತೋ ಹಾಗೆ ಕಂಪ್ಯೂಟರ್ ಏಳುತ್ತದೆ. ಇದನ್ನು ಬೇಕಾದರೆ ಫಾರ್ವರ್ಡ್ ಮಾಡಿ. ಎಷ್ಟೋ ಜನ ಇದು ಗೊತ್ತಿಲ್ಲದೆ ಫಾರ್ಮ್ಯಾಟ್ ಮಾಡಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಸ್ನ್ಯಾಪ್ ಕೂಡ ಹಿಂದಿನ ಆವೃತ್ತಿಯನ್ನು ಉಳಿಸಿಕೊಂಡಿರುತ್ತದೆ, 'ರಿವರ್ಟ್' ಆಜ್ಞೆಯಿಂದ ವಾಪಸ್ ಹೋಗಬಹುದು. ಮಿಂಟ್‌ನಲ್ಲಿ 'ಟೈಮ್‌ಶಿಫ್ಟ್' ಇದೆ. ಅದು ಇಡೀ ವ್ಯವಸ್ಥೆಯ ಫೋಟೊ ತೆಗೆದಿಟ್ಟಂತೆ, ಆದರೆ ಮೊದಲೇ ಹೊಂದಿಸಿಟ್ಟಿರಬೇಕು.

ಹೊಸದೆಲ್ಲವೂ ಸುರಕ್ಷಿತ ಎಂಬ ನಂಬಿಕೆಗೂ 2024ರ ಮಾರ್ಚ್ 29ರಂದು ಪೆಟ್ಟು ಬಿತ್ತು. ಫೈಲುಗಳನ್ನು ಸಂಕುಚಿಸುವ 'ಎಕ್ಸ್‌ಝಡ್' ಎಂಬ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದರು. ಮೈಕ್ರೋಸಾಫ್ಟ್‌ನ ಇಂಜಿನಿಯರ್ ಆಂಡ್ರೆಸ್ ಫ್ರಾಯಂಡ್ ಅದನ್ನು ಕಂಡುಹಿಡಿದದ್ದು, ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಅನುಮಾನದ ಬೆನ್ನು ಹತ್ತಿ. ಆ ಆವೃತ್ತಿಗಳು ತಲುಪಿದ್ದು ಎಲ್ಲಕ್ಕಿಂತ ಮೊದಲು ಹೊಸದನ್ನು ಪಡೆಯುವ ಡಿಸ್ಟ್ರೊಗಳಿಗೆ, ಪರೀಕ್ಷಾ ಹಂತದ ಆವೃತ್ತಿಗಳಿಗೆ. ಡೆಬಿಯನ್‌ನ ಸ್ಥಿರ ಆವೃತ್ತಿ ಬಳಸುವವರಿಗೆ, ಉಬುಂಟುವಿನ ಬಿಡುಗಡೆಯಾದ ಆವೃತ್ತಿ ಬಳಸುವವರಿಗೆ ಅವು ತಲುಪಿರಲೇ ಇಲ್ಲ.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಭದ್ರತಾ ಅಪ್‌ಡೇಟ್ ಬೇರೆ, ಹೊಸ ಆವೃತ್ತಿ ಬೇರೆ. ಡೆಬಿಯನ್, ಉಬುಂಟುವಿನಂಥವು ಭದ್ರತಾ ಅಪ್‌ಡೇಟಿನಲ್ಲಿ ಸಾಮಾನ್ಯವಾಗಿ ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು ರಂಧ್ರವನ್ನು ಮಾತ್ರ ಮುಚ್ಚುತ್ತವೆ. ಹೊಸ ಆವೃತ್ತಿ ಎಂದರೆ ಹೊಸ ಮುಖ, ಹೊಸ ಸೌಲಭ್ಯ, ಕೆಲವೊಮ್ಮೆ ಹೊಸ ತಲೆನೋವು. ಅದನ್ನು ತಡಮಾಡಿ ಹಾಕಿದರೆ ಹೆಚ್ಚೇನೂ ನಷ್ಟವಿಲ್ಲ. ಮೊದಲನೆಯದನ್ನು ತಡಮಾಡಿದರೆ ಇದೆ. ಬ್ರೌಸರ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಎರಡೂ ಒಂದೇ ಪೊಟ್ಟಣದಲ್ಲಿ ಬರುತ್ತವೆ, ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವುದೂ ಅಲ್ಲಿಯೇ. ಹಾಗಾಗಿ ಬ್ರೌಸರನ್ನು ತಿಂಗಳುಗಟ್ಟಲೆ 'ಹೋಲ್ಡ್' ಮಾಡುವುದು ಜಾಣತನವಲ್ಲ.

ಡೇಟಾ ಖಾಲಿಯಾಗುವ ಸಮಸ್ಯೆ

ಫೋನಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಕೊಡುವವರಿಗೆ ಸಿದ್ಧಾಂತಕ್ಕಿಂತ ದಿನದ ಒಂದೂವರೆ ಜಿಬಿ ಮುಖ್ಯ. ಕರ್ನೆಲ್, ಬ್ರೌಸರ್, ಆಫೀಸ್ ತಂತ್ರಾಂಶ ಒಂದೇ ದಿನ ಬಂದರೆ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಆನ್‌ಲೈನ್ ತರಗತಿಯ ಹೊತ್ತಿಗೆ ಡೇಟಾ ಮುಗಿದರೆ ಸಿಟ್ಟು ಬಂದು ಅಪ್‌ಡೇಟನ್ನೇ ಆಫ್ ಮಾಡುವವರನ್ನು ದೂರಲಾಗದು. ಆದರೆ ಇದಕ್ಕೆ ಬೇರೆ ದಾರಿ ಇದೆ.

ಲಿನಕ್ಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಎಂಬ ಸೆಟಿಂಗ್ ಇದೆ. ಈ ಸಂಪರ್ಕಕ್ಕೆ ಡೇಟಾ ಮಿತಿ ಇದೆ, ಹುಷಾರಾಗಿ ಬಳಸು ಎಂದು ಕಂಪ್ಯೂಟರಿಗೆ ಹೇಳಿದಂತೆ. ಉಬುಂಟು, ಫೆಡೋರಾದ ಸೆಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ನೀವು ಸೇರಿಕೊಂಡಿರುವ ಸಂಪರ್ಕದ ಪಕ್ಕದ ಗೇರ್ ಚಿಹ್ನೆ ಒತ್ತಿದರೆ ಮೊದಲ ಪುಟದಲ್ಲೇ ಅದರ ಗುರುತು ಸಿಗುತ್ತದೆ. ಆಂಡ್ರಾಯ್ಡ್ ಫೋನ್ ಹಾಟ್‌ಸ್ಪಾಟ್ ಆಗಿದ್ದರೆ ಅದು ತಾನು ಮಿತಿಯುಳ್ಳ ಸಂಪರ್ಕ ಎಂಬ ಸುಳಿವನ್ನು ಕಳಿಸಿರುತ್ತದೆ, ಲಿನಕ್ಸ್ ಎಷ್ಟೋ ಸಲ ತಾನೇ ಊಹಿಸಿಕೊಳ್ಳುತ್ತದೆ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಇಂಥ ಸಂಪರ್ಕದಲ್ಲಿ ಸುಮ್ಮನಿರುತ್ತದೆ. ಸ್ನ್ಯಾಪ್ ಮಾತ್ರ ಹೇಳಿದರಷ್ಟೇ ಕೇಳುತ್ತದೆ. ಅದಕ್ಕೆ ಟರ್ಮಿನಲ್‌ನಲ್ಲಿ 'ರಿಫ್ರೆಶ್ ಮೀಟರ್ಡ್' ಎಂಬ ಆಯ್ಕೆಯನ್ನು 'ಹೋಲ್ಡ್' ಎಂದು ಒಮ್ಮೆ ಬದಲಿಸಿಡಬೇಕು. ಆಮೇಲೆ ಮನೆಯ ಬ್ರಾಡ್‌ಬ್ಯಾಂಡ್ ಅಥವಾ ಕಾಲೇಜಿನ ವೈಫೈ ಸಿಕ್ಕಾಗ ಬಾಕಿ ಕೆಲಸ ಮುಗಿಯುತ್ತದೆ. ಫೋನಿನಲ್ಲಿ ಪ್ಲೇ ಸ್ಟೋರ್‌ಗೆ "ವೈಫೈ ಇದ್ದಾಗ ಮಾತ್ರ" ಎಂದು ಹೇಳಿಟ್ಟಿರುತ್ತೇವಲ್ಲ, ಇದೂ ಹಾಗೆಯೇ. ತಿಂಗಳುಗಟ್ಟಲೆ ಹಾಟ್‌ಸ್ಪಾಟೇ ಗತಿ ಎನ್ನುವವರು ಮಾತ್ರ ವಾರಕ್ಕೊಮ್ಮೆ, ರಾತ್ರಿ ಉಳಿದ ಡೇಟಾದಲ್ಲಿ, ತಾವೇ ಕೈಯಾರೆ ಅಪ್‌ಡೇಟ್ ಹಾಕಬೇಕು.

ಸಮಯದ ಮೇಲೂ ಹಿಡಿತ ಸಾಧ್ಯ. ಉಬುಂಟುವಿನ 'ಸಾಫ್ಟ್‌ವೇರ್ ಆ್ಯಂಡ್ ಅಪ್‌ಡೇಟ್ಸ್' ಕಿಟಕಿಯ 'ಅಪ್‌ಡೇಟ್ಸ್' ಪುಟದಲ್ಲಿ, ಭದ್ರತಾ ಅಪ್‌ಡೇಟ್ ಬಂದಾಗ ತಾನಾಗಿ ಹಾಕಬೇಕೋ, ಇಳಿಸಿಟ್ಟುಕೊಂಡು ಕಾಯಬೇಕೋ, ತೋರಿಸಿದರೆ ಸಾಕೋ ಎಂದು ಆರಿಸಬಹುದು. ಪರೀಕ್ಷೆ, ಸಂದರ್ಶನ, ಪ್ರಾಜೆಕ್ಟ್ ಸಲ್ಲಿಕೆ ಇರುವ ವಾರದಲ್ಲಿ ಸ್ನ್ಯಾಪ್‌ಗಳನ್ನು ಅಷ್ಟು ದಿನಕ್ಕೆ ಮಾತ್ರ ಹೋಲ್ಡ್ ಮಾಡಬಹುದು. ಎಷ್ಟು ಗಂಟೆ ಎಂದು ಆಜ್ಞೆಯಲ್ಲೇ ಹೇಳಿದರೆ ಅವಧಿ ಮುಗಿದ ಮೇಲೆ ತಾನಾಗಿ ಶುರುವಾಗುತ್ತದೆ. "ಶಾಶ್ವತವಾಗಿ ನಿಲ್ಲಿಸಿ" ಎನ್ನುವವರ ಆಜ್ಞೆಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಶಾಶ್ವತವಾಗಿ ನಿಲ್ಲಿಸಿದ್ದನ್ನು ನಾವು ಒಂದೇ ವಾರದಲ್ಲಿ ಮರೆತುಬಿಡುತ್ತೇವೆ.

ಆ ಎರಡು ಸಾಲಿನ ಬಗ್ಗೆ

ಕೊನೆಯದಾಗಿ, ಫಾರ್ವರ್ಡ್‌ನಲ್ಲಿ ಬರುವ ಆಜ್ಞೆಗಳ ವಿಚಾರ. ಅವು ಬಹುತೇಕ 'ಸುಡೊ' ಎಂಬ ಪದದಿಂದ ಶುರುವಾಗುತ್ತವೆ. ಮುಂದೆ ಬರುವುದನ್ನು ಯಜಮಾನನ ಅಧಿಕಾರದಲ್ಲಿ ಮಾಡು ಎಂದು ಅದರ ಅರ್ಥ. ಪಾಸ್‌ವರ್ಡ್ ಕೊಟ್ಟ ಕ್ಷಣ ನೀವು ಕಾಗದದ ಮೇಲೆ ಓದದೆ ಸಹಿ ಹಾಕಿದಂತಾಯಿತು. ಅದೇ ಸಾಲಿನಲ್ಲಿ ಅಪ್‌ಡೇಟ್ ನಿಲ್ಲಿಸುವ ಮಾತಿನ ಜೊತೆಗೆ ಎಲ್ಲಿಂದಲೋ ಇನ್ನೊಂದು ಪ್ರೋಗ್ರಾಂ ಇಳಿಸಿ ಓಡಿಸುವ ಮಾತೂ ಇದ್ದರೆ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಆ ಗೊಂಚಲಿನಲ್ಲಿ ನಿಮಗೆ ಗೊತ್ತಾಗುವುದಿಲ್ಲ. ಫೋನಿನ ಸಂದೇಶದಿಂದ ಕಾಪಿ ಮಾಡುವಾಗ ಎರಡು ಸಣ್ಣ ಅಡ್ಡಗೆರೆ ಒಂದು ಉದ್ದ ಗೆರೆಯಾಗಿ ಬದಲಾಗಿ, ಆಜ್ಞೆ ಕೆಲಸ ಮಾಡದೇ ಹೋಗುವುದೂ ಉಂಟು. ಇಂಥದ್ದೊಂದು ಬಂದರೆ ಮೊದಲು ಆ ಡಿಸ್ಟ್ರೊದ ಅಧಿಕೃತ ಕೈಪಿಡಿಯಲ್ಲಿ ಹುಡುಕಿ. ಈ ಬರಹದಲ್ಲಿ ಹೇಳಿದ ಹೋಲ್ಡ್, ರಿವರ್ಟ್, ಮೀಟರ್ಡ್ ಮೂರೂ ಸ್ನ್ಯಾಪ್‌ನ ಕೈಪಿಡಿಯಲ್ಲಿ ಉದಾಹರಣೆ ಸಮೇತ ಸಿಗುತ್ತವೆ. ಬೇರೆಯವರಿಗೆ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡುವವರು ನೀವಾಗಿದ್ದರೆ, ಹೊರಡುವ ಮುನ್ನ ಅಪ್‌ಡೇಟ್ ತಾನಾಗಿ ಆಗುವಂತಿದೆಯೇ, ಮೀಟರ್ಡ್ ಗುರುತು ಬಿದ್ದಿದೆಯೇ ಎಂದು ನೋಡಿ, ಹಳೆಯ ಕರ್ನೆಲ್ ಆರಿಸುವ ಮೆನುವನ್ನು ಅವರ ಕೈಯಲ್ಲೇ ಒಮ್ಮೆ ತೆರೆಸಿ ತೋರಿಸಿ ಬನ್ನಿ.